ಟ್ರಂಕ್ ಹೊತ್ತು ಬಂದ ಮಾಸ್ತರು

ಮೊಮ್ಮಕ್ಕಳೇ, ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ ಅಪ್ಪನಿಗೆ ಧಾರವಾಡದ ಒಂದು ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ನಾವು ಸಿದ್ದಿಗಳು. ನಮ್ಮ ಹಿರಿಯರು ಬಹಳ ಹಿಂದೆ ಆಫ್ರಿಕಾದಿಂದ ಬಂದು, ಕಾಡಂಚಿನಲ್ಲಿ ಕೂಲಿ ಮಾಡಿ ಬದುಕಿದವರು. ನಮ್ಮ ಪೈಕಿ ತಿಂಗಳ ಸಂಬಳ ಕಂಡವನು ಅಪ್ಪನೇ ಮೊದಲು. ಅವ್ವ ಇರಲಿಲ್ಲ. ಅಕ್ಕ ಏಳನೆಯ ತರಗತಿ ಮುಗಿಸಿದ್ದಳು. ಪೇಟೆಯಲ್ಲಿ ಮನೆ ಸಿಕ್ಕರೆ ಅವಳಿಗೆ ಹೈಸ್ಕೂಲು, ಇಲ್ಲದಿದ್ದರೆ ಕೂಲಿ.

ಅಪ್ಪ ಕಾಗದ ಬರೆದೇ ಬಾಡಿಗೆ ಮನೆ ಗೊತ್ತುಮಾಡಿದ್ದ. ಹೊರಡುವ ದಿನ ಹಿತ್ತಾಳೆ ತಂಬಿಗೆಗೆ ಕೆಂಡ ತುಂಬಿ ಬಿಳಿ ಅಂಗಿಗೆ ಇಸ್ತ್ರಿ ಮಾಡಿದ. ಆ ಬೆಚ್ಚನೆಯ ಬಟ್ಟೆಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಆದರೆ ಹಳೆಯ ರೂಢಿ ಬಿಡಬೇಕಲ್ಲ! ಧಾರವಾಡದಲ್ಲಿ ಬಸ್ಸಿಳಿದವನೇ, ಹಮಾಲನನ್ನು ಕರೆಯದೆ ಟ್ರಂಕನ್ನು ತಾನೇ ತಲೆಯ ಮೇಲೆ ಹೊತ್ತ.

ಮನೆಯ ಯಜಮಾನರು ಬಾಗಿಲಲ್ಲಿ ನಗುತ್ತ ನಿಂತಿದ್ದರು.

"ಟ್ರಂಕ್ ಒಳಗ ಇಡಪಾ. ಮಾಸ್ತರು ಹಿಂದ ಬರಾಕತ್ತಾರೇನು?"

"ನಾನ ರೀ ಮಾಸ್ತರ," ಎಂದ ಅಪ್ಪ.

ಅವರ ನಗು ಆರಿತು. ಮನೆ ನಿನ್ನೆಯೇ ಬೇರೆಯವರಿಗೆ ಕೊಟ್ಟಾಯಿತು ಎಂದರು. ಖಾಲಿ ಕೋಣೆಗಳಿಂದ ಹೊಸ ಸುಣ್ಣದ ವಾಸನೆ ಬರುತ್ತಿತ್ತು. ನಾನು ಗೊಳೋ ಎಂದು ಅತ್ತೆ, ಅಕ್ಕ ಅಳಲಿಲ್ಲ. ಅಪ್ಪ ಟ್ರಂಕನ್ನು ಮತ್ತೆ ತಲೆಗೇರಿಸಿ ನೇರ ಶಾಲೆಗೆ ನಡೆದ. ಎರಡು ವರ್ಷ ನಾವು ಮೂವರೂ ಶಾಲೆಯ ಹಳೆ ಸಾಮಾನಿನ ಕೋಣೆಯಲ್ಲಿ, ಹರಿದ ಭೂಪಟಗಳ ನಡುವೆ ಮಲಗಿದೆವು. ಅಲ್ಲೇ ಓದಿದ ಅಕ್ಕ ನರ್ಸ್ ಆಗಿ ಈ ದೇಶಕ್ಕೆ, ಮೆಲ್ಬರ್ನ್‌ಗೆ ಬಂದಳು. ಮುಂದೆ ನನ್ನ ಮಗನನ್ನು, ಅಂದರೆ ನಿಮ್ಮಪ್ಪನನ್ನೂ ಓದಲು ಕರೆಸಿಕೊಂಡಳು.

ನಿಮ್ಮ ಲೋಕವೇ ಬೇರೆ. ಈ ಊರಿನ ದಿ ಪಾಂಡ್ಸ್ ಬಡಾವಣೆಯ ಮನೆಯಲ್ಲಿ ನಿಮಗೆ ಒಬ್ಬೊಬ್ಬರಿಗೂ ಒಂದು ಕೋಣೆಯಿತ್ತು. ನಿಮ್ಮಪ್ಪನ ಕೆಲಸ ಹೋಗಿ ಅದನ್ನು ಮಾರಬೇಕಾಯಿತೆಂದು ಮುಖ ಸಣ್ಣ ಮಾಡಿಕೊಂಡಿದ್ದೀರಿ. ಏರುವುದು, ಇಳಿಯುವುದು ನಮಗೆ ಹೊಸದಲ್ಲ. ನನಗೆ ಸಿಟ್ಟು ಬಂದದ್ದು ನಿನ್ನೆ, ಟೂಂಗಾಬಿಯಲ್ಲಿ ಬಾಡಿಗೆ ಮನೆ ನೋಡಲು ಹೋದಾಗ. ಬಾಗಿಲ ಮುಂದೆ ಹತ್ತಾರು ಕುಟುಂಬಗಳು ಸಾಲು ನಿಂತಿದ್ದವು. ನಿಮ್ಮಪ್ಪ ಕನ್ನಡಿಯಲ್ಲಿ ಕಾಲರ್ ತೀಡಿಕೊಂಡು, "ನೀವೆಲ್ಲ ಕಾರಲ್ಲೇ ವೇಟ್ ಮಾಡ್ರಿ. ಏಜೆಂಟ್ ಹತ್ರ ನಾನೊಬ್ಬನ ಹೋದ್ರ ಬೆಟರ್," ಎಂದ.

"ಬಟ್ ವೈ, ಡ್ಯಾಡ್?" ಎಂದಿರಿ ನೀವು. ಅವನು ಇಳಿದು ಕಾರಿನ ಬಾಗಿಲು ಹಾಕಿದ. ಉತ್ತರ ನನಗೆ ಗೊತ್ತಿತ್ತು: ನಮ್ಮ ಬಣ್ಣದ ಇಷ್ಟೊಂದು ಮುಖ ಒಟ್ಟಿಗೆ ಕಂಡರೆ ಏಜೆಂಟ್ ಮನೆ ಕೊಡಲಿಕ್ಕಿಲ್ಲ ಎಂಬ ಅಂಜಿಕೆ. ಅದಕ್ಕೇ ಇಂದು ಇದನ್ನೆಲ್ಲ ಹೇಳಿದೆ.

ನಿನ್ನೆ ನಾನೇ ಕಾರಿನ ಬಾಗಿಲು ತೆರೆದು, ನಿಮ್ಮಿಬ್ಬರ ಕೈಹಿಡಿದು ಸಾಲಿನಲ್ಲಿ ನಿಂತೆ. ಮನೆ ಸಿಗುತ್ತದೋ ಇಲ್ಲವೋ, ಇನ್ನೂ ಗೊತ್ತಿಲ್ಲ. ಕೊಡುವುದಾದರೆ ನಮ್ಮೆಲ್ಲರ ಮುಖ ನೋಡಿಯೇ ಕೊಡಲಿ.