ಅಡುಗೆಯವಳೂ ಮೊಂಡಬಾಲವೂ

ನದಿ ಸಮುದ್ರ ಸೇರುವ ಕಡೆ, ಉಪ್ಪುನೀರಲ್ಲೇ ಬೇರೂರುವ ಕಾಂಡ್ಲಾ ಗಿಡಗಳೇ ತುಂಬಿದ ಆ ನಡುಗಡ್ಡೆಯಲ್ಲಿ ಬೆಳ್ಳಕ್ಕಿ, ನೀರುನಾಯಿ, ಏಡಿ, ಮೊಸಳೆ ಎಲ್ಲಕ್ಕೂ ಸರ್ಕಾರದ ರಕ್ಷಣೆಯಿತ್ತು. ಅಡುಗೆಯವಳ ಗಂಡನಿಗೆ ಮಾತ್ರ ಇರಲಿಲ್ಲ. ಅಲ್ಲಿ ಕಾವಲುಗಾರನಾಗಿದ್ದ ಆತ ದೋಣಿ ಕಟ್ಟಲು ನೀರಿಗಿಳಿದವನು ಮತ್ತೆ ಮೇಲೆ ಬರಲೇ ಇಲ್ಲ. ಮೊಂಡಬಾಲದ ಮುದಿ ಮೊಸಳೆ ಎಳೆದೊಯ್ದದ್ದನ್ನು ಜೊತೆಗೇ ಕಾವಲಿಗಿದ್ದ ಆತನ ತಮ್ಮ ಕಣ್ಣಾರೆ ಕಂಡ. ಎಷ್ಟು ಜಾಲಾಡಿದರೂ ಮಣ್ಣು ಮಾಡಲು ಒಂದು ಎಲುಬೂ ಸಿಗಲಿಲ್ಲ.

ಅರಣ್ಯ ಇಲಾಖೆಯವರು ಆಕೆಗೆ ಅದೇ ಕಾವಲು ಠಾಣೆಯಲ್ಲಿ ಅಡುಗೆ ಕೆಲಸ ಕೊಟ್ಟರು. ಬೇರೆ ದಾರಿ ಏನಿತ್ತು, ಒಪ್ಪಿಕೊಂಡಳು. ಬೆಳಿಗ್ಗೆ ಪಾತ್ರೆ ತಿಕ್ಕಲು ಮೆಟ್ಟಿಲ ಮೇಲೆ ಕೂತರೆ, ಆಚೆ ಕೆಸರಲ್ಲಿ ಅದು ಬಾಯಿ ತೆರೆದುಕೊಂಡು ಬಿಸಿಲಿಗೆ ಬಿದ್ದಿರುತ್ತಿತ್ತು. "ಹಾಳಾದ್ದೇ, ನಿನ್ನ ವಂಶ ನಿರ್ವಂಶವಾಗ" ಎಂದು ಶುರು ಮಾಡಿದಳೆಂದರೆ ತಳ ಹಿಡಿದ ಪಾತ್ರೆ ಫಳಫಳ ಹೊಳೆಯುವ ತನಕ ನಿಲ್ಲಿಸುತ್ತಿರಲಿಲ್ಲ. ಬೈಯುತ್ತ ಬೈಯುತ್ತ ಮಾತು ಎತ್ತೆತ್ತಲೋ ಹೋಗುತ್ತಿತ್ತು: ಸೂರು ಸೋರುತ್ತಿದೆ, ಮಗಳಿಗೆ ಗಂಡು ಗೊತ್ತಾಯಿತು, ಮೈದುನ ಕುಡಿತ ಬಿಟ್ಟ. ಕೆಲವು ದಿನ ಅದು ಕೇಳಿಸಿಕೊಳ್ಳುತ್ತಿದೆ ಅನ್ನಿಸುತ್ತಿತ್ತು. "ಮೊಸಳೆಗೇ ಮನೆ ಸುದ್ದಿ ಒಪ್ಪಿಸ್ತಾಳಪ್ಪ" ಎಂದು ಕಾವಲುಗಾರರು ಮುಸಿಮುಸಿ ನಗುತ್ತಿದ್ದರು. ನಗಲಿ ಬಿಡಿ, ಅವರ ಗಂಟೇನು ಹೋಯಿತು.

ಒಂದು ಮಧ್ಯಾಹ್ನ ಎಲ್ಲರೂ ಗಸ್ತಿಗೆ ಹೋಗಿದ್ದಾಗ ಮೆಟ್ಟಿಲ ಬುಡದಲ್ಲಿ ನೀರು ಕಲಕಿತು. ಕಳ್ಳತನದಲ್ಲಿ ಮೀನು ಹಿಡಿಯುವವರು ಬಿಟ್ಟುಹೋದ ನೈಲಾನ್ ಬಲೆಗೆ ಮೊಂಡಬಾಲ ಸಿಕ್ಕಿಬಿದ್ದಿತ್ತು. ಬಲೆಯ ಹಗ್ಗ ಬೇರಿಗೆ ಬಿಗಿದುಕೊಂಡು, ಅದರ ಮೂತಿಯನ್ನು ಮೇಲೇಳದಂತೆ ಹಿಡಿದಿತ್ತು. ಸಮುದ್ರದ ಉಬ್ಬರ ಏರುತ್ತಿತ್ತು. ಇನ್ನೊಂದು ಗೇಣು ಏರಿದರೆ ಉಸಿರುಕಟ್ಟಿ ಅದರ ಕಥೆ ಮುಗಿದಂತೆ.

ಆಕೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಸಾಯಿ" ಅಂದಳು. ಇಷ್ಟು ವರ್ಷ ಉರಿದ ಹೊಟ್ಟೆ ಈಗಲಾದರೂ ತಣ್ಣಗಾಗುತ್ತದೆ ಎಂದುಕೊಂಡಳು. ಆಗಲಿಲ್ಲ. ಸತ್ತ ಮೊಸಳೆಯನ್ನು ಇಲಾಖೆಯವರು ಆಚೆ ದಡಕ್ಕೆ ಒಯ್ದು ಸುಟ್ಟುಹಾಕುತ್ತಾರೆ ಎಂಬುದು ನೆನಪಾಯಿತು. ಒಳಗೋಡಿ ಮೀನು ಕೊಯ್ಯುವ ಚೂರಿ ತಂದಳು. ಮಂಡಿಯುದ್ದ ನೀರಿಗಿಳಿದು ಹಗ್ಗ ಕೊಯ್ದಳು. ಮೊಸಳೆ ಬುಸ್ಸೆಂದು ಉಸಿರು ಬಿಟ್ಟು ಅವಳ ಕಾಲು ಸವರಿಕೊಂಡೇ ಹೋಯಿತು.

ಗಸ್ತಿನಿಂದ ಬಂದ ಮೈದುನ ಕೊಯ್ದ ಹಗ್ಗವನ್ನೂ ಅತ್ತಿಗೆಯ ಒದ್ದೆ ಬಟ್ಟೆಯನ್ನೂ ನೋಡಿ ಬಿಳಿಚಿಕೊಂಡ.

"ತಲೆ ಕೆಟ್ಟಿದೆಯಾ ಅತ್ತಿಗೆ? ಅಣ್ಣನ್ನ ತಿಂದಿದ್ದು ಅದೇ ಅಲ್ವಾ?"

"ಅದೇ ಕಣೋ" ಅಂದಳು ಆಕೆ. "ಸತ್ತರೆ ಸುಟ್ಟುಬಿಡ್ತಾರೆ. ನಿಮ್ಮಣ್ಣ ಇನ್ನೂ ಒಳಗಿದಾರೆ."