ಗಂಗಾಳದ ಸದ್ದು

ಇವತ್ತು ಅಡುಗೆಮನೆಯಲ್ಲಿ ನನ್ನ ಕೈಜಾರಿ ಊಟದ ಗಂಗಾಳ ಬಿತ್ತು. ನರ್ಸ್ ಆಗಿ, ರಾಯಚೂರಿನಲ್ಲಿ ನರ್ಸಿಂಗ್ ಹುಡುಗಿಯರಿಗೆ ಪಾಠ ಹೇಳಿ ಮುಪ್ಪಾದ ಅವ್ವ ಉಸಿರು ಬಿಗಿಹಿಡಿದು ನಿಂತುಬಿಟ್ಟಳು.

ನಾನು ಚಿಕ್ಕವಳಿದ್ದಾಗ ಗಬ್ಬೂರಿನ ಒಂದು ಮನೆಗೆ, ಹೆರಿಗೆ ಮಾಡಿಸಲು ಹೊರಟ ಅವ್ವನ ಬೆನ್ನುಹತ್ತಿ ಹೋಗಿದ್ದೆ. ಕೂಸು ಹುಟ್ಟಿತು, ಅಳಲಿಲ್ಲ. ಅಳಿಸಲೆಂದು ಆ ಮನೆಯ ಅಜ್ಜಿ ಅದರ ಕಿವಿಯ ಬಳಿ ಗಂಗಾಳ ಬಡಿಯತೊಡಗಿದಳು.

"ನಿಲ್ಲಸ್ರಿ ಯವ್ವಾ! ಕೂಸು ಉಸಿರಾಡಾಕತ್ತದೋ ಇಲ್ಲೋ ಕೇಳಾಕ ಬಿಡ್ರಿ!" ಅವ್ವ ಗದರಿದಳು.

ಸದ್ದು ನಿಂತಿತು. ಬಾಣಂತಿ ಸೆರಗು ಕಚ್ಚಿಕೊಂಡಳು. ಅವ್ವ ಕೂಸಿನ ಬೆನ್ನು ತಿಕ್ಕಿ ಕಿವಿಗೊಟ್ಟಳು, ಮತ್ತೆ ತಿಕ್ಕಿದಳು. ಡೆಟಾಲ್ ವಾಸನೆಯಲ್ಲಿ ನಾನೂ ಉಸಿರಾಡಲಿಲ್ಲ. ಕಡೆಗೆ ಬೆಕ್ಕಿನ ಮರಿಯಂಥ ದನಿಯೊಂದು ಬಂತು.

"ಈಗ ಬೇಕಾದಷ್ಟು ಬಡೀರಿ," ಅಂದಳು ಅವ್ವ.

ಇವತ್ತು ಇಲ್ಲಿ, ಅಡುಗೆಮನೆಯ ನೆಲದ ಮೇಲೆ ಗಂಗಾಳ ತಿರುಗಿ ತಿರುಗಿ ಸುಮ್ಮನಾಯಿತು. ತೊಟ್ಟಿಲಲ್ಲಿದ್ದ ನನ್ನ ಮೊಮ್ಮಗಳು ಬೆಚ್ಚಿ ಅತ್ತಳು. ಅವ್ವ ಆಗ ಉಸಿರು ಬಿಟ್ಟಳು.