ಚನಬಸಪ್ಪ ಕಾಕಾನ ಮೂಗು ಮತ್ತು ಜೋಳದ ಗುಳಿಗೆ

ಚನಬಸಪ್ಪ ಕಾಕಾನ ಮೂಗು ದೊಡ್ಡದು, ಆ ಮೂಗಿನ ಮೇಲೆ ಅವರಿಗಿದ್ದ ವಿಶ್ವಾಸ ಇನ್ನೂ ದೊಡ್ಡದು. ಒಂದು ಮುಷ್ಟಿ ಜೋಳ ಹಿಡಿದು ಮೂಸಿದರೆ ಸಾಕು, ಯಾವ ಸೀಮೆಯ ಎರೆಹೊಲದ್ದು, ಹೊಸದೋ ಹಳೆಯದೋ ಎಂದು ತೀರ್ಪು ಕೊಡುತ್ತಿದ್ದರು. ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಹುಬ್ಬಳ್ಳಿಯ ಪೇಟೆಯಲ್ಲಿ ಜೀವಮಾನವೆಲ್ಲ ಕಾಳಿನ ವ್ಯಾಪಾರ ಮಾಡಿ, ಕೊನೆಗೆ ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಪಕ್ಕದ ಮನೆಗೆ ಬಂದು ನೆಲೆಸಿದ್ದರು. ವ್ಯಾಪಾರ ಬಿಟ್ಟರೂ ವರ್ಷದ ಜೋಳವನ್ನು ಒಮ್ಮೆಲೇ ತುಂಬಿಡುವ ಚಟ ಬಿಡಲಿಲ್ಲ. ಪಾಕೀಟಿನ ಹಿಟ್ಟು ತರುವ ನನ್ನಂಥವರನ್ನು ಕಂಡರೆ ಅವರಿಗೆ ಕರುಣೆ.

ಜೋಳ ತುಂಬಿಟ್ಟ ಮೇಲೆ ನುಸಿ ಬಂದೇ ಬರುತ್ತದೆ. ನುಸಿಗೆ ಗುಳಿಗೆ. ಗೋದಾಮುಗಳಲ್ಲಿ ತಿಳಿದವರು ಮಾತ್ರ, ಜನರನ್ನೆಲ್ಲ ದೂರ ಕಳಿಸಿ ಬಳಸಬೇಕಾದ ಕಡುವಿಷ ಅದು. ಗಾಳಿಯ ತೇವ ತಾಗಿದರೂ ಸಾಕು, ವಿಷದ ಅನಿಲ ಬಿಡುತ್ತದೆ. ಕಾಕಾನ ಬಾಯಲ್ಲಿ ಅದಕ್ಕೆ 'ಔಷಧ' ಎಂದು ಹೆಸರು. ಹಳೆಯ ಧೋತರದ ಚಿಂದಿಯಲ್ಲಿ ಗಂಟು ಕಟ್ಟಿ ಚೀಲದ ನಡುವೆ ಇಡುತ್ತಿದ್ದರು, ಓಣಿಯವರಿಗೂ ಪ್ರಸಾದದಂತೆ ಹಂಚುತ್ತಿದ್ದರು. ಆಮೇಲೆ ಅದೇ ಬರಿಗೈಯನ್ನು ಧೋತರಕ್ಕೆ ಒರೆಸಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ರಬ್ಬರಿನ ಕೈಗವಸು ತಂದುಕೊಟ್ಟೆ. ಬಹಳ ಛಲೋ ಇವೆ ಎಂದು ಹೊಗಳಿ, ಅವನ್ನು ಹಾಕಿಕೊಂಡು ಹಲಸಿನ ಹಣ್ಣು ಬಿಡಿಸಿದರು.

ನಾನು ಸಾಲಿಯಲ್ಲಿ ವಿಜ್ಞಾನ ಕಲಿಸುವವಳು. ಒಮ್ಮೆ ಡಬ್ಬಿಯ ಮೇಲಿನ ತಲೆಬುರುಡೆ ತೋರಿಸಿ, "ಕಾಕಾ, ಇದು ಮಂದಿ ಇರೂ ಮನ್ಯಾಗ ಇಡೂವಂಥದ್ದಲ್ಲರಿ," ಅಂದೆ.

"ಆ ಚಿತ್ರ ನುಸಿ ನೋಡ್ಲಿ ಅಂತ ಹಾಕ್ಯಾರ್ರಿ ಅಕ್ಕೋರ," ಅಂದರು. "ಗೋದಾಮಿನ್ಯಾಗ ಈ ವಾಸನಿ ಕುಡದ ಮುದುಕ ಆಗೇನಿ. ನನಗೇನಾಗೇತಿ ಹೇಳ್ರಿ?"

ಏನೂ ಆಗಿರಲಿಲ್ಲ, ಖರೆ. ಅವರಿಗೆ ಏನೂ ಆಗದಿದ್ದದ್ದೇ ಇಡೀ ಓಣಿಗೆ ದೊಡ್ಡ ಪುರಾವೆಯಾಗಿಬಿಟ್ಟಿತ್ತು.

ಅವರ ಜೋಳದ ಕೋಣೆಯ ಮೇಲೆ ಹಲಗೆಯ ಅಟ್ಟ. ಅದನ್ನು ಪರೀಕ್ಷೆಗೆ ಓದಲು ಹಳ್ಳಿಯಿಂದ ಬಂದಿದ್ದ ರೇಣುಕಾ ಎಂಬ ಹುಡುಗಿಗೆ ಬಾಡಿಗೆ ಕೊಟ್ಟಿದ್ದರು. ಕರಾರು ಒಂದೇ: ಶ್ರಾವಣದಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಹೊಸ್ತಿಲ ಒಳಗೆ ಬರಕೂಡದು. ವಿಷಕ್ಕೆ ಅಂಥ ಅಡ್ಡಿಯೇನೂ ಇರಲಿಲ್ಲ.

ಹೋದ ವರ್ಷದ ಶ್ರಾವಣದಲ್ಲಿ ಬಿಡದೆ ಜಿಟಿಜಿಟಿ ಮಳೆ. ನುಸಿ ಹೆಚ್ಚಿತೆಂದು ಕಾಕಾ ಒಂದು ಸಂಜೆ ಗುಳಿಗೆಯನ್ನೂ ಹೆಚ್ಚಿಸಿ, ಔಷಧ ವ್ಯರ್ಥವಾಗಬಾರದೆಂದು ಕೋಣೆಯ ಕಿಟಕಿ ಬಾಗಿಲುಗಳ ಸಂದಿಗೆಲ್ಲ ಬಟ್ಟೆ ತುರುಕಿದರು. ತಲೆಯ ಮೇಲಿನ ಹಲಗೆಗಳ ಸಂದಿ ಅವರ ಗಮನಕ್ಕೆ ಬರಲಿಲ್ಲ. ಮರುದಿನ ಮುಂಜಾನೆ ಪೂಜೆಗೆ ಕೂತಾಗ ಆ ಹೆಸರಾಂತ ಮೂಗಿಗೆ ಬಳ್ಳೊಳ್ಳಿ ವಾಸನೆ ಬಡಿಯಿತು. ಗೋದಾಮಿನಲ್ಲಿ ಇದೇ ವಾಸನೆ ಬಂದಾಗ 'ಗುಳಿಗಿ ಕೆಲಸ ಮಾಡಾಕತ್ತೈತಿ' ಎಂದು ಮೆಚ್ಚುತ್ತಿದ್ದವರು ಅವರು. ಮನೆಯಲ್ಲಿ, ಅದೂ ಶ್ರಾವಣದಲ್ಲಿ, ಅದು ಬರೀ ಬಳ್ಳೊಳ್ಳಿಯಾಯಿತು.

"ಏ ರೇಣುಕಾ! ಶ್ರಾವಣದಾಗ ಬಳ್ಳೊಳ್ಳಿ ಒಗ್ಗರಣಿ ಹಾಕತೀಯೇನ? ಇಳಿ ಕೆಳಗ!" ಎಂದು ಕೂಗಾಡುತ್ತ ಅವರು ಮೆಟ್ಟಿಲು ಹತ್ತಿದ್ದು ನಮ್ಮ ಅಂಗಳಕ್ಕೂ ಕೇಳಿಸಿತು. ಕೂಗು ತಟ್ಟನೆ ನಿಂತಿತು. ನಾನು ಓಡಿ ಹೋಗುವಷ್ಟರಲ್ಲಿ, ವಾಂತಿ ಮಾಡಿಕೊಂಡು ಎಚ್ಚರ ತಪ್ಪಿದ್ದ ಹುಡುಗಿಯನ್ನು ಹೆಗಲಿಗೆ ಹಾಕಿಕೊಂಡು ಇಳಿಯುತ್ತಿದ್ದರು.

"ಅಕಿ ಒಲಿನ ಹಚ್ಚಿಲ್ಲರಿ ಅಕ್ಕೋರ," ಅಂದರು.

ವಾಸನೆ ನನಗೂ ಬಂತು. "ಎಲ್ಲಾರೂ ಹೊರಗ ಬರ್ರಿ, ಒಳಗ ಯಾರೂ ಹೋಗಬ್ಯಾಡ್ರಿ!" ಎಂದು ಕೂಗಿ ಆಟೋ ನಿಲ್ಲಿಸಿದೆ. ಕಾಕಾನ ಹೆಂಡತಿ, ಓಣಿಗೆಲ್ಲ ಕಾಕು, ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕೂತರು. ತಿರುಗಿ ನೋಡಿದರೆ ಕಾಕಾ ಇಲ್ಲ. ಗುಳಿಗೆ ಆರಿಸಿ ಬರುವುದಕ್ಕೆ ಕೊಡ ನೀರು ಹೊತ್ತು ಜೋಳದ ಕೋಣೆ ಹೊಕ್ಕಿದ್ದರು. "ನೀರ ಹಾಕಬ್ಯಾಡ್ರಿ ಕಾಕಾ!" ಎಂದು ಕಿರುಚಿದೆ. ಬೆಂಕಿಯಾದರೆ ನೀರಿಗೆ ಆರುತ್ತದೆ. ಈ ಗುಳಿಗೆಗೆ ನೀರು ಬಿದ್ದರೆ ಅನಿಲ ಒಮ್ಮೆಲೇ ಭುಸುಗುಟ್ಟಿ ಏಳುತ್ತದೆ. ಒಳಗೆ ಕೊಡ ಉರುಳಿದ ಸದ್ದಾಯಿತು. ಕೆಮ್ಮುತ್ತ ಹೊರಬಂದು, "ನನಗೇನೂ ಆಗಿಲ್ಲ, ಲಗೂ ನಡೀರಿ," ಎಂದು ಆಟೋ ಹತ್ತಿದರು.

ಈ ವಿಷ ಇಳಿಸುವ ಮದ್ದೇ ಇಲ್ಲ, ಉಸಿರಿಗೂ ಎದೆಗೂ ಆಸರೆ ಕೊಟ್ಟು ಕಾಯಬೇಕಷ್ಟೇ ಎಂದರು ಆಸ್ಪತ್ರೆಯ ಡಾಕ್ಟರು. ಹಾಲು ಕುಡಿಸಿದ್ದರೆ ಸಾಕಿತ್ತು ಎಂದರು ನೋಡಲು ಬಂದ ಓಣಿಯ ಪಂಡಿತರು. ಸಂಜೆಗೆ ರೇಣುಕಾ ಕಣ್ಣು ಬಿಟ್ಟಳು. ಅಷ್ಟೊತ್ತಿಗೆ ಕಾಕಾನ ನಾಡಿ ಕೈಗೆ ಸಿಗುತ್ತಿರಲಿಲ್ಲ, ಎಚ್ಚರ ಮಾತ್ರ ಇತ್ತು.

"ಆ ಕೂಸು ಉಣ್ಣಾಕತ್ತೈತೇನ್ರಿ ಅಕ್ಕೋರ?"

ಹೌದು ಅಂದೆ. ಅವಳು ಇನ್ನೂ ಗುಟುಕು ನೀರೂ ಕುಡಿದಿರಲಿಲ್ಲ.

"ಸುಮ್ಮಸುಮ್ಮನ ಬೈದ್ನಿ ಅಕಿಗೆ," ಅಂದರು. ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು. ರೇಣುಕಾ ಉಳಿದಳು, ಅವರು ಉಳಿಯಲಿಲ್ಲ. ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟಿದೆ. ನೆನಪಾದಾಗಲೆಲ್ಲ ಆ ಸಿಟ್ಟಿನ ಜೊತೆ ಅಳುವೂ ಬರುತ್ತದೆ.

ಓಣಿ ತನ್ನ ವಿಚಾರಣೆಯನ್ನು ಬೇಗ ಮುಗಿಸಿತು: ಮುದುಕನಿಗೆ ವಯಸ್ಸಾಗಿತ್ತು, ಹುಡುಗಿಗೆ ಶಕ್ತಿ ಸಾಲದು. ಗುಳಿಗೆ ನಿರ್ದೋಷಿ. ಆ ವಾರ ಹಿಂದಿನ ಓಣಿಯ ಮಲ್ಲವ್ವ ಮಾತಾಡಿಸಲು ಬಂದಳು. ಅತ್ತಳು, ಮನಸಾರೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಕಾಕುವಿನ ಹತ್ತಿರ ಸರಿದಳು.

"ಕಾಕಾರು ಕೊಟ್ಟಿದ್ದ ಗುಳಿಗಿ ಇವತ್ತ ಮುಂಜಾನಿ ಜ್ವಾಳದಾಗ ಇಟ್ಟೇನ್ರಿ. ಸಾಲವಲ್ಲವು. ಇನ್ನೊಂದೆರಡು ಉಳದಿದ್ರ ಕೊಡ್ರಿ."

ಕಾಕು ಅವಳ ಮುಖ ನೋಡಿದರು. "ನಿನ್ನ ಮಕ್ಕಳು ಎಲ್ಲಿ ಅದಾವು?"

"ಮಳಿ ಐತಲ್ರಿ, ಮಲಗಿಸಿ ಬಂದೇನಿ. ಅಲ್ಲೇ, ಚೀಲದ ಮಗ್ಗಲಕ್ಕ."

ಗಂಡ ಹೋದ ಹೊಸದರಲ್ಲಿ ಹೊಸ್ತಿಲು ದಾಟಬಾರದೆಂದು ಬಂಧುಗಳೆಲ್ಲ ಕಾಕುವಿಗೆ ಅಪ್ಪಣೆ ಮಾಡಿ ಹೋಗಿದ್ದರು. ಕಾಕು ಎದ್ದರು. ಚಪ್ಪಲಿ ಮೆಟ್ಟಲಿಲ್ಲ, ಸೆರಗು ಹೊದೆಯಲಿಲ್ಲ. ಮಲ್ಲವ್ವನ ರಟ್ಟೆ ಹಿಡಿದು ಎಳೆದುಕೊಂಡು ಮಳೆಗೆ ಇಳಿದು, ಕಂಡ ಕಂಡ ಬಾಗಿಲು ಬಡಿಯುತ್ತ ಓಡಿದರು.

"ಮಕ್ಕಳನ್ನ ಹೊರಗ ತರ್ರಿ! ನನ್ನ ಗಂಡ ನಿಮಗ ವಿಷ ಕೊಟ್ಟಾನ, ಮೊದಲ ಮಕ್ಕಳನ್ನ ಹೊರಗ ತರ್ರಿ!"